ಕಡ್ಲೆಕಾಯಿ ಕೀಳುವ ಮುಂಚೆ, ಕಿತ್ತ ಮೇಲೆ: ಮನಸ್ಸಿನ ಅಧ್ಯಯನಕ್ಕೆ ತಯಾರಿ

ಕೈಯಲ್ಲಿ ಕಾಸಿಲ್ಲದಿದ್ದರೆ ತಲೆ ಓಡುವುದಿಲ್ಲ ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದನ್ನು ಪರೀಕ್ಷಿಸಿಯೇ ನೋಡಿದವರು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಜೊತೆಗಾರರು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಸೇರಿದ ಮೇಲೆ ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿದರು. ಎರಡನೇ ಸಲ ಅದೇ ರೈತರು ಚೆನ್ನಾಗಿ ಮಾಡಿದರು. ಫಲಿತಾಂಶ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆದರೆ ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ನಡೆದ, 2016ರಲ್ಲಿ ಪ್ರಕಟವಾದ ಇಂಥದ್ದೇ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಪ್ರಶ್ನೆ ಇತ್ಯರ್ಥವಾಗಿಲ್ಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯಲ್ಲಿ, ಮಳೆ ನಂಬಿ ಕಡ್ಲೆಕಾಯಿ ಹಾಕುವವರ ನಡುವೆ ಇದನ್ನೇ ಕೇಳಬೇಕೆಂದು ಮನೋವಿಜ್ಞಾನದ ವಿದ್ಯಾರ್ಥಿಯೊಬ್ಬ ಹೊರಟರೆ ಏನೇನು ಮಾಡಬೇಕು?

ಮೊದಲು ಪ್ರಶ್ನೆಯನ್ನು ಕಿರಿದು ಮಾಡಬೇಕು. ‘ರೈತರ ಮಾನಸಿಕ ಸ್ಥಿತಿ’ ಎಂಬುದು ಭಾಷಣದ ವಿಷಯವಾದೀತು, ಅಧ್ಯಯನದ್ದಲ್ಲ. ‘ಬೆಳೆ ಮಾರಿದ ಮೇಲೆ ಗಮನದ ಪರೀಕ್ಷೆಯಲ್ಲಿ ತಪ್ಪು ಕಡಿಮೆಯಾಗುತ್ತದೆಯೇ?’ ಎಂದರೆ ಹೌದು, ಇಲ್ಲ ಎರಡಕ್ಕೂ ಜಾಗವಿದೆ. ನಿರೀಕ್ಷೆ ಏನು, ಲೆಕ್ಕ ಹಾಕುವ ಕ್ರಮ ಯಾವುದು ಎಂಬುದನ್ನು ಊರಿಗೆ ಕಾಲಿಡುವ ಮೊದಲೇ ಬರೆದು, ದಿನಾಂಕ ಹಾಕಿ ಮಾರ್ಗದರ್ಶಕರ ಕೈಗೆ ಕೊಡಬೇಕು. ಅಂಕಿ ಕೈಗೆ ಬಂದ ಮೇಲೆ ಪ್ರಶ್ನೆ ಬದಲಿಸುವ ಚಪಲ ಎಲ್ಲರಿಗೂ ಇದ್ದದ್ದೇ. 2015ರಲ್ಲಿ ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಗಟ್ಟಿಯಾಗಿ ನಿಂತವು ಮೂರನೇ ಒಂದು ಭಾಗದಷ್ಟು ಮಾತ್ರ.

ಮುಂದಿನ ಕೆಲಸ ಅಳತೆ. ‘ಕಷ್ಟದಲ್ಲಿದ್ದೀರಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ವಿರಳ. ತಮಿಳುನಾಡಿನ ತಂಡ ಏನಾದರೂ ಗಿರವಿ ಇಟ್ಟಿದ್ದೀರಾ ಎಂದು ಕೇಳಿತು. ಕಟಾವಿಗೆ ಮುಂಚೆ ಹೌದು ಎಂದವರು ಶೇ 78, ಆಮೇಲೆ ಶೇ 4. ಗಮನ ಅಳೆಯಲು, ಬೇರೆ ಬಣ್ಣದ ಶಾಯಿಯಲ್ಲಿ ಬರೆದ ಬಣ್ಣದ ಹೆಸರು ತೋರಿಸಿ ಶಾಯಿಯ ಬಣ್ಣ ಹೇಳಿಸುವ ಪರೀಕ್ಷೆ ಪ್ರಸಿದ್ಧ, ಆದರೆ ಓದು ಬಾರದವರಿಗೆ ಅದು ನಡೆಯದು. ಹಾಗಾಗಿ ಅವರು ಅಂಕಿ ಬಳಸಿದರು. ಹಾಳೆಯ ಮೇಲೆ ‘5 5 5’ ಎಂದಿರುತ್ತದೆ, ಎಷ್ಟು ಅಂಕಿಗಳಿವೆ ಎಂದು ಹೇಳಬೇಕು. ಸರಿಯುತ್ತರ ಮೂರು, ನಾಲಿಗೆಗೆ ಮೊದಲು ಬರುವುದು ಐದು. ತಡೆದುಕೊಳ್ಳಲು ಹಿಡಿದ ಸೆಕೆಂಡು, ಆದ ತಪ್ಪು, ಇವೇ ಅಳತೆ.

ಅಸಲು ಕಸರತ್ತು ಇರುವುದು ಹೋಲಿಕೆಯಲ್ಲಿ. ಎರಡನೇ ಸಲ ಅಭ್ಯಾಸದಿಂದಲೇ ಅಂಕ ಏರಬಹುದಲ್ಲ? ಅದಕ್ಕೇ ಅವರು ನೂರು ರೈತರನ್ನು ಚೀಟಿ ಎತ್ತಿದಂತೆ ಆರಿಸಿ, ಬದಿಗಿಟ್ಟು, ಕಟಾವಾದ ಮೇಲಷ್ಟೇ ಮೊದಲ ಬಾರಿ ಪರೀಕ್ಷಿಸಿದ್ದರು. ಕಬ್ಬಿನ ಇನ್ನೊಂದು ಅನುಕೂಲ, ಕಾರ್ಖಾನೆಯ ಸರದಿಯಂತೆ ಕಟಾವು ತಿಂಗಳುಗಟ್ಟಲೆ ಹರಡುತ್ತದೆ. ಒಂದೇ ವಾರದಲ್ಲಿ ಒಬ್ಬನಿಗೆ ಹಣ ಬಂದಿರುತ್ತದೆ, ಪಕ್ಕದವನಿಗೆ ಇಲ್ಲ.

ಬುಕ್ಕಾಪಟ್ಟಣದಲ್ಲಿ ಆ ಸೌಕರ್ಯವಿಲ್ಲ. ಮಳೆ ಬಿದ್ದಾಗ ಎಲ್ಲರೂ ಬಿತ್ತುತ್ತಾರೆ, ಹೆಚ್ಚುಕಡಿಮೆ ಒಟ್ಟಿಗೇ ಬಳ್ಳಿ ಕೀಳುತ್ತಾರೆ. ಆಗ ಹಣದ ಜೊತೆಗೇ ಬಿಸಿಲು ಇಳಿದಿರುತ್ತದೆ, ದೀಪಾವಳಿ ಬಂದಿರುತ್ತದೆ, ಹೊಲದ ದುಡಿಮೆ ಮುಗಿದಿರುತ್ತದೆ. ತಲೆ ಹಗುರವಾದದ್ದು ಯಾವುದರಿಂದ? ಅದೇ ದಿನಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ತೆಂಗು, ಅಡಿಕೆ ಮಾಡಿ, ಕಡ್ಲೆಕಾಯಿ ಹಣಕ್ಕೆ ಕಾಯದವರನ್ನೂ ಪರೀಕ್ಷಿಸಿದರೆ ಸುಳಿವು ಸಿಕ್ಕೀತು. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು, ಮಳೆ ಬರಲಿ ಬಿಡಲಿ ವರ್ಷಕ್ಕಿಷ್ಟು ಎಂದು ಪಡೆಯುವ ಕುಟುಂಬಗಳೂ ಒಳ್ಳೆಯ ಹೋಲಿಕೆ. ಒಂದು ಎಚ್ಚರಿಕೆ: ಬೋರ್‌ವೆಲ್ ಇರುವವರು ಮೊದಲೇ ಸ್ಥಿತಿವಂತರಿರಬಹುದು. ಆದ್ದರಿಂದ ಅವರಿಗೂ ಇವರಿಗೂ ನೇರ ಹೋಲಿಕೆ ಬೇಡ. ಎರಡೂ ಗುಂಪುಗಳಲ್ಲಿ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಬದಲಾವಣೆಯನ್ನಷ್ಟೇ ಹೋಲಿಸಬೇಕು.

ಜನರನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಆರಿಸಬಾರದು. ಅಲ್ಲಿ ಸಿಗುವವರು ಬಿಡುವಿದ್ದ ಗಂಡಸರು. ಪಹಣಿ ಹಿಡಿದರೂ ಹೆಂಗಸರು ತಪ್ಪಿಹೋಗುತ್ತಾರೆ, ಕಳೆ ತೆಗೆದು ಕಾಯಿ ಬಿಡಿಸುವವರು ಅವರೇ ಆದರೂ. ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತುವುದೇ ವಾಸಿ.

ಕಾಗದ ಹಿಡಿದು ಜಗಲಿಯ ಮೇಲೆ ಕೂತ ಕೂಡಲೇ ಬರುವ ಪ್ರಶ್ನೆ, “ಯಾವ ಸ್ಕೀಮ್ ಸಾರ್ ಇದು?” ಅಷ್ಟರಲ್ಲಿ ಒಳಗಿನಿಂದ ಆಧಾರ್ ಜೆರಾಕ್ಸ್ ಬಂದಿರುತ್ತದೆ. ಇದರಿಂದ ಏನೂ ಸಿಗುವುದಿಲ್ಲ, ಏನೂ ಹೋಗುವುದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಸಾಲದ ಲೆಕ್ಕ ಹಿಗ್ಗುತ್ತದೆ. ಪರೀಕ್ಷೆ ಮಾಡುವವರಿಗೆ ಎದುರಿಗಿರುವವರ ಬೆಳೆ ಮಾರಾಟವಾಗಿದೆಯೋ ಇಲ್ಲವೋ ಗೊತ್ತಿರಬಾರದು. ಮುಖಭಾವವೂ ಉತ್ತರ ಹೇಳಿಕೊಟ್ಟೀತು. ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು. ಸಹಿ ಬಾರದವರಿಂದ ಹೆಬ್ಬೆಟ್ಟು ಪಡೆಯುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಸಾಲದ ಮಾತಿಗೆ ಯಾರಾದರೂ ಕುಸಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕೊಡಬೇಕು.

ಕೊನೆಯ ತೊಡಕು ಎರಡನೇ ಸುತ್ತಿನದು. ಮಳೆ ಕೈಕೊಟ್ಟರೆ ಕೆಲವರು ಬೆಂಗಳೂರಿಗೆ ಕೂಲಿಗೆ ಹೋಗಿರುತ್ತಾರೆ, ಅವರಲ್ಲಿ ಹೆಚ್ಚಿನವರು ತೀರಾ ಮುಗ್ಗಟ್ಟಿನಲ್ಲಿದ್ದವರೇ. ಊರಲ್ಲಿ ಉಳಿದವರನ್ನಷ್ಟೇ ಅಳೆದರೆ ಸರಾಸರಿ ತಾನಾಗಿ ಏರಿ, ಹಣದಿಂದಲೇ ಬುದ್ಧಿ ಚುರುಕಾದಂತೆ ಕಾಣುತ್ತದೆ. ಮೊದಲ ದಿನವೇ ಮನೆಯ ಇನ್ನೊಬ್ಬರ ಫೋನ್ ನಂಬರನ್ನೂ ಬರೆದುಕೊಳ್ಳಬೇಕು. ಆದರೂ ಸಿಗದವರು ಎಷ್ಟು ಜನ, ಅವರ ಮೊದಲ ಸುತ್ತಿನ ಅಂಕ ಎಷ್ಟಿತ್ತು ಎಂಬುದನ್ನು ವರದಿಯಲ್ಲಿ ಕಾಣಿಸಬೇಕು.