ಮಲಗಿದ ಕೂಸು ಏಳದಿರುವುದೇಕೆ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಕೂಸನ್ನು ಮಲಗಿಸಲು ಮೆತ್ತನೆಯ ಕೌದಿ ಹಾಸುವುದುಂಟು. ಹಾಲು ಕುಡಿದು ಮಲಗಿದ ಕೂಸು ನಿದ್ರೆಯಲ್ಲಿಯೇ ಅಸುನೀಗಿದರೆ, ದೃಷ್ಟಿ ತಾಗಿತೆಂದೋ ತಾಯಿ ಎಚ್ಚರ ತಪ್ಪಿದಳೆಂದೋ ಜನ ಆಡಿಕೊಳ್ಳುವರು. ವಿಜ್ಞಾನವು ಏನನ್ನು ಹೇಳುವುದೆಂದು ನೋಡೋಣ.

ಶವಪರೀಕ್ಷೆ, ಸ್ಥಳಪರಿಶೀಲನೆ, ಹಿಂದಿನ ಕಾಯಿಲೆಗಳ ವಿಚಾರಣೆ ಇವು ಮೂರರಿಂದಲೂ ಕಾರಣ ತಿಳಿಯದಾದಾಗ ಮಾತ್ರ, ಒಂದು ವರ್ಷದೊಳಗಿನ ಕೂಸಿನ ಇಂಥ ಸಾವನ್ನು ವೈದ್ಯರು ‘ಶಿಶುವಿನ ಹಠಾತ್ ಮರಣ’ವೆಂದು ಕರೆಯುವರು. 2ರಿಂದ 4 ತಿಂಗಳ ಕೂಸುಗಳಲ್ಲಿ ಇದು ಹೆಚ್ಚು.

ಬೋರಲಾಗಿ ಮಲಗಿದ ಕೂಸಿನ ಮೂಗು ಹಾಸಿಗೆಯಲ್ಲಿ ಹುದುಗಿದರೆ, ಅದು ತಾನು ಬಿಟ್ಟ ಉಸಿರನ್ನೇ ಮರಳಿ ಸೇದುವುದು. ರಕ್ತದಲ್ಲಿ ಆಮ್ಲಜನಕವು ಇಳಿದು, ಇಂಗಾಲದ ಡೈಆಕ್ಸೈಡು ಏರುವುದು. ಆಗ ಮಿದುಳಿನ ಕಾಂಡವು ಕೂಸನ್ನು ಎಚ್ಚರಿಸಬೇಕು. ಕೆಲವು ಕೂಸುಗಳಲ್ಲಿ ಈ ಎಚ್ಚರಿಕೆಯ ಏರ್ಪಾಡು ದುರ್ಬಲವಾಗಿರುವುದೆಂದು ಸಂಶೋಧಕರು ಭಾವಿಸಿದ್ದಾರೆ. ಹೊರಗಿನಿಂದ ನೋಡಿದವರಿಗೆ ಆ ಕೊರತೆ ಕಾಣದು.

ಆದರೂ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೂಸನ್ನು ಅಂಗಾತ ಮಲಗಿಸಿರೆಂದು 1991ರಲ್ಲಿ ಬ್ರಿಟನ್ನಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ಹಾಸಿಗೆ ಗಟ್ಟಿಯಾಗಿ, ಸಮವಾಗಿರಲಿ. ದಿಂಬು ಬೇಡ, ಅತಿಯಾದ ಹೊದಿಕೆಯೂ ಬೇಡ. ತಾಯಿಯ ಕೋಣೆಯಲ್ಲಿಯೇ ಬೇರೆ ಹಾಸಿಗೆಯಲ್ಲಿ ಕೂಸು ಮಲಗಲಿ; ಎದೆಹಾಲೂ ರಕ್ಷಕ. ಬಸುರಿನಲ್ಲಿಯೂ ಆಮೇಲೂ ಬೀಡಿ, ಸಿಗರೇಟಿನ ಹೊಗೆ ಅಪಾಯವನ್ನು ಹೆಚ್ಚಿಸುವುದು. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು.

ಇಷ್ಟೆಲ್ಲ ಪಾಲಿಸಿದ ಮನೆಯಲ್ಲಿಯೂ ಒಮ್ಮೊಮ್ಮೆ ತೊಟ್ಟಿಲು ಬರಿದಾಗಬಹುದು. ಆ ತಾಯಿಯನ್ನು ದೂರುವುದು ಅನ್ಯಾಯವಷ್ಟೇ ಅಲ್ಲ, ಅಜ್ಞಾನವೂ ಹೌದು.