ಸಹಿ ಹಾಕುವ ಮುಂಚೆ

ಹೋದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು, "ತಾತ, ಪೊಲೀಸ್ ನೋಟಿಸ್ ಬಂದಿದೆ" ಅಂದ. ಡಿಗ್ರಿ ಎರಡನೇ ವರ್ಷ. ಗೆಳೆಯನ ಗೆಳೆಯನೊಬ್ಬ ಐದು ಸಾವಿರ ಕೈಗಿಟ್ಟು ಇವನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಇಸಕೊಂಡಿದ್ದ. ಮೋಸಹೋದ ಯಾರದೋ ಹಣ ಲಕ್ಷಗಟ್ಟಲೆ ಆ ಖಾತೆಗೆ ಬಂದು ಹೋಗಿದೆ. ಈಗ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯವರು ಕರೆದಿದ್ದಾರೆ. ತಾಯಿ ಅಳುತ್ತಿದ್ದರು. ಅಪ್ಪ, "ಅಜ್ಜಿ ಊರಿಗೆ ಕಳಿಸಿಬಿಡ್ತೀನಿ ಸಾರ್, ನಾಲ್ಕು ದಿನ ಆದ್ರೆ ತಣ್ಣಗಾಗುತ್ತೆ" ಅಂದರು.

ತಣ್ಣಗಾಗುವುದಿಲ್ಲ. ನಲವತ್ತು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ಹಾಕಿದ ನಾನು ಗಾಬರಿಯಿಂದಲೇ ಕೆಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಮಕ್ಕಳೇ, ಆ ನೋಟಿಸು ನಿಮಗೇ ಅನುಕೂಲ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಆರೋಪ ಬಂದ ಕೂಡಲೇ ಹಿಡಿದು ಒಳಗೆ ಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಪೊಲೀಸರಿಗೆ ತಾಕೀತು ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬಂಧಿಸುವ ಬದಲು ಕೊಡುವ ಈ ನೋಟಿಸಿನ ಮಾತು 35ನೇ ಸೆಕ್ಷನ್‌ನಲ್ಲಿದೆ. ಕರೆದ ದಿನ ಹೋಗಿ ಹಾಜರಾಗುತ್ತಿರುವವನನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಆ ಕಾರಣವನ್ನು ನೀವೇ ಒದಗಿಸಿಕೊಟ್ಟಂತೆ. ಅಂದಹಾಗೆ, ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಲ್ಲದು ಎಂದು 2025ರಲ್ಲಿ ಅದೇ ಕೋರ್ಟು ಹೇಳಿದೆ. ಇನ್ನು ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ಕೂತು 'ಡಿಜಿಟಲ್ ಅರೆಸ್ಟ್' ಎಂದು ಗದರುವವನು ಕಳ್ಳ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸಹಿಯ ವಿಷಯ. ನಾನಿನ್ನೂ ಜೂನಿಯರ್ ಆಗಿದ್ದಾಗ ಸೈಕಲ್ ಕಳವಿನ ಆರೋಪ ಹೊತ್ತ ಹೋಟೆಲ್ ಮಾಣಿಯೊಬ್ಬ ಒಂದು ಠಾಣೆಯಲ್ಲಿ ಎರಡು ಖಾಲಿ ಹಾಳೆಗೆ ಸಹಿ ಹಾಕಿ ಬಂದಿದ್ದ. "ಹಾಕಿದ್ರೆ ಮನೆಗೆ ಕಳಿಸ್ತೀವಿ ಅಂದ್ರು ಸಾರ್." ಆ ಹಾಳೆಗಳ ಮೇಲೆ ಆಮೇಲೊಂದು ಸ್ವಇಚ್ಛಾ ಹೇಳಿಕೆ ಮೂಡಿತು, ಮೂರು ಸೈಕಲ್ ಕದ್ದೆನೆಂದು. ಅವನಿಗೆ ಸೈಕಲ್ ತುಳಿಯುವುದಕ್ಕೇ ಬರುತ್ತಿರಲಿಲ್ಲ! ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು, ಈಗ ಅದರ ಜಾಗಕ್ಕೆ ಬಂದಿರುವ ಹೊಸ ಅಧಿನಿಯಮದ 23ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ. ಆದರೆ ಕಸ್ಟಡಿಯಲ್ಲಿದ್ದವನು ಹೇಳಿದ್ದರಿಂದಲೇ ಮಾಲು ಸಿಕ್ಕಿತೆಂದು ತೋರಿಸಿದರೆ ಅಷ್ಟು ಭಾಗ ನಿಲ್ಲುತ್ತದೆ. ನಮ್ಮ ಮಾಣಿ ಖುಲಾಸೆಯಾದ, ನಾಲ್ಕು ವರ್ಷ ಕೋರ್ಟಿಗೆ ಅಲೆದ ಮೇಲೆ.

ಅದಕ್ಕೇ ಯಾವ ಕಾಗದ ಏನೆಂದು ತಿಳಿದಿರಲಿ. ನೋಟಿಸು ಮುಟ್ಟಿತೆಂದು ಸಹಿ ಹಾಕಿ, ತಾರೀಕನ್ನೂ ಬರೆಯಿರಿ. ಬಂಧನದ ಮೆಮೊಗೂ ಹಾಕಿ, ಆದರೆ ಅದರಲ್ಲಿ ಬರೆದಿರುವ ಹೊತ್ತು ನಿಜವೇ ಎಂದು ನೋಡಿಕೊಂಡು. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾದ ಇಪ್ಪತ್ತನಾಲ್ಕು ಗಂಟೆಯ ಲೆಕ್ಕಕ್ಕೆ ಆ ಹೊತ್ತೇ ಆಧಾರ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಡ, ಬೇಡವೆಂದು ಕಾನೂನೇ ಹೇಳಿದೆ. ಖಾಲಿ ಹಾಳೆಗಂತೂ ಯಾರು ಹೇಳಿದರೂ ಬೇಡ, ನಾನೇ ಹೇಳಿದರೂ. ಬಂಧಿಸಿದರೆ, ಯಾಕೆಂದು ಬರೆದುಕೊಡಿ ಎಂದು ಮರ್ಯಾದೆಯಿಂದ ಕೇಳಿ. ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಬರೆದುಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಗ್ಲಿಷ್ ಹಾಳೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಕೇಳಿ, ಸಂಕೋಚ ಬೇಡ.

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರಕ್ಕೆ ಇರಲಿ, ಠಾಣೆಗೆ ಅಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ನಮ್ಮ ರಾಜ್ಯದ್ದೇ ಪ್ರಕರಣ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಆ ತೀರ್ಪಿನಿಂದಾಗಿ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ. ಆದರೆ ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಹೆಸರು, ವಿಳಾಸ ಸರಿಯಾಗಿ ಹೇಳಿ. ಮೊಬೈಲಿನ ಮೆಸೇಜು ಅಳಿಸಬೇಡಿ, ಸಾಕ್ಷ್ಯ ಅಳಿಸಿದರೆ ಅದೇ ಇನ್ನೊಂದು ಕೇಸು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಬಂಧಿತನಿಗಿದೆ, ಅವರು ಉದ್ದಕ್ಕೂ ಪಕ್ಕದಲ್ಲಿ ಕೂತಿರಲು ಅವಕಾಶವಿಲ್ಲದಿದ್ದರೂ.

ಮ್ಯಾಜಿಸ್ಟ್ರೇಟರು "ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?" ಎಂದು ಕೇಳುತ್ತಾರೆ. ಹುಡುಗರು ಪಕ್ಕದಲ್ಲಿ ನಿಂತ ಪೇದೆಯ ಮುಖ ನೋಡಿ ಇಲ್ಲ ಎಂದು ತಲೆಯಾಡಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಏಟು ಬಿದ್ದಿದ್ದರೆ ಆಗಲೇ ಹೇಳಿ. ಹಿಡಿದದ್ದು ಮೊನ್ನೆ, ಕಾಗದದಲ್ಲಿ ನಿನ್ನೆ ಎಂದಿದ್ದರೆ ಅದನ್ನೂ ಆಗಲೇ ಹೇಳಿ.

ನಮ್ಮ ಬೀದಿಯ ಹುಡುಗ ಹೇಳಿದ ದಿನ ಹೋಗಿ, ಕಾರ್ಡು ಇಸಕೊಂಡವನ ಹೆಸರು ಕೊಟ್ಟು ಬಂದ. ಕೇಸು ಮುಗಿದಿಲ್ಲ. ಅವನದು ತಪ್ಪೇ ಇಲ್ಲ ಎಂದು ನಾನೂ ಹೇಳಲಾರೆ, ದುಡ್ಡಿಗೆ ಖಾತೆ ಕೊಟ್ಟದ್ದು ನಿಜ. ತಪ್ಪು ಮಾಡಿದವನಿಗೂ ಈ ಹಕ್ಕುಗಳಿವೆ. ಬಂಧನದಲ್ಲಿರುವವನಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಸಹಾಯವಾಣಿ 15100. ಈ ಐದು ಅಂಕಿಯನ್ನು ಇವತ್ತೇ ಬಾಯಿಪಾಠ ಮಾಡಿಕೊಳ್ಳಿ, ಬೇಕಾದ ಹೊತ್ತಿಗೆ ಮೊಬೈಲು ನಿಮ್ಮ ಕೈಯಲ್ಲಿರುವುದಿಲ್ಲ.