ಆಷಾಢದ ಕ್ಯಾಮೆರಾ, ಭಿಶಿಯ ದುಡ್ಡು

ಹುಬ್ಬಳ್ಳಿಯಲ್ಲಿ ಹಳೇ ಕ್ಯಾಮೆರಾ ಕೊಳ್ಳಲು ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ ಈ ಅಂಕಣ ಬರೆಯುವಾಕೆ ಹಿಂದುಮುಂದು ನೋಡದೆ ಆಷಾಢ ಎನ್ನುತ್ತಾಳೆ. ಮುಹೂರ್ತಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ. ವೈಶಾಖದಲ್ಲಿ ಊಟಕ್ಕೂ ಪುರಸೊತ್ತಿಲ್ಲದೆ ಓಡಾಡಿದ ಸ್ಟುಡಿಯೊದವರು ಈಗ ಕೂತು ಲೆಕ್ಕ ಹಾಕುತ್ತಾರೆ. ತುಳಸಿ ಲಗ್ನ ಮುಗಿದು ಮತ್ತೆ ಮುಹೂರ್ತ ಶುರುವಾಗುವಷ್ಟರಲ್ಲಿ ಹೊಸ ಮಿರರ್‌ಲೆಸ್ ಬೇಕು, ಹಳೇ ಬಾಡಿ ಕೊಟ್ಟರೆ ಮುಂಗಡಕ್ಕಾದರೂ ಆದೀತು. ಗಿರಾಕಿಗೆ ಅವಸರವಿಲ್ಲದೆ, ಮಾರುವವರಿಗೆ ಅವಸರವಿರುವ ತಿಂಗಳು ವರ್ಷದಲ್ಲಿ ಇದೊಂದೇ.

ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಅಗ್ಗವಾದದ್ದು ಕೆಟ್ಟುಹೋಗಿ ಅಲ್ಲ. 2018ರಲ್ಲಿ ನಿಕಾನ್ ಝಡ್6, ಝಡ್7 ಮತ್ತು ಕ್ಯಾನನ್ ಇಒಎಸ್ ಆರ್ ಬಂದ ಮೇಲೆ ಎರಡೂ ಕಂಪನಿಗಳು ಆ ಕನ್ನಡಿಯನ್ನೇ ತೆಗೆದುಹಾಕಿದ ಕ್ಯಾಮೆರಾಗಳತ್ತ ಹೊರಳಿದವು. 2020ರ ಜನವರಿಯಲ್ಲಿ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ತಂದಿತು; ಆ ದೊಡ್ಡ ಡಿಎಸ್‌ಎಲ್‌ಆರ್ ಸಾಲಿಗೆ ಅದೇ ಕೊನೆ ಎಂದು ಮರುವರ್ಷ ಕಂಪನಿಯ ಮುಖ್ಯಸ್ಥರೇ ಹೇಳಿದರು. ಮದುವೆ ಫೋಟೊಗ್ರಾಫರಿಗೆ ಕಣ್ಣಿನ ಮೇಲೆ ತಾನಾಗಿ ಫೋಕಸ್ ಹಿಡಿಯುವ ಹೊಸ ಯಂತ್ರ ಬೇಕೇ ಬೇಕು, ಅವನ ಹೊಟ್ಟೆಪಾಡು ಅದು. ಮಗಳ ಶಾಲೆಯ ಗ್ಯಾದರಿಂಗು, ಮನೆಯ ಸೀಮಂತ, ಕೆಲಗೇರಿ ಕೆರೆಯ ಸಂಜೆ ತೆಗೆಯುವವರಿಗೆ ಅದರ ಗರಜಿಲ್ಲ. 12x8 ಇಂಚಿನ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 86 ಲಕ್ಷ ಪಿಕ್ಸೆಲ್ ಸಾಕು. 2012ರ ನಿಕಾನ್ ಡಿ3200ದಲ್ಲೇ ಅವು 2 ಕೋಟಿ 42 ಲಕ್ಷ ಇವೆ.

ಹೊಸದು ಬೇಡವೇ ಎಂದು ಮನೆಯಲ್ಲಿ ಪ್ರಶ್ನೆ ಎದ್ದದ್ದು ನಿಜ. ಕಿಟ್ ಲೆನ್ಸಿನ ಜೊತೆ ಹೊಸ ಸಾದಾ ಡಿಎಸ್‌ಎಲ್‌ಆರ್ 40,000 ರೂಪಾಯಿಯ ಆಸುಪಾಸು, ಅದಕ್ಕೆ ಕಂತಿನ ಆಮಿಷ ಬೇರೆ. 40,000ವನ್ನು ಕ್ರೆಡಿಟ್ ಕಾರ್ಡಿನಲ್ಲಿ ಶೇ 16ರ ಬಡ್ಡಿಗೆ 12 ಕಂತು ಮಾಡಿದರೆ ತಿಂಗಳಿಗೆ ಸುಮಾರು 3,630. ವರ್ಷದ ಕೊನೆಗೆ ಬಡ್ಡಿಯೇ 3,550 ದಾಟುತ್ತದೆ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಇನ್ನೊಂದು 640. ‘ನೋ ಕಾಸ್ಟ್’ ಎಂದು ಬೋರ್ಡು ಹಾಕಿದ ಕಡೆಯೂ ನಗದಿಗೆ ಸಿಗಬೇಕಿದ್ದ ರಿಯಾಯಿತಿ ಬಡ್ಡಿಯ ಹೊಟ್ಟೆಗೆ ಹೋಗಿರುತ್ತದೆ. ಸೊನ್ನೆ ಬಡ್ಡಿ ಎಂಬುದರಲ್ಲಿ ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮರೆಮಾಡಿರುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳ ಕಿವಿ ಹಿಂಡಿತ್ತು.

ದುಡ್ಡು ಬಂದದ್ದು ಭಿಶಿಯಿಂದ. ಹತ್ತು ಜನ ಹೆಂಗಸರು, ತಿಂಗಳಿಗೆ ತಲಾ 2,500, ಚೀಟಿ ಎತ್ತಿದವರಿಗೆ 25,000. ಹುಬ್ಬಳ್ಳಿ-ಧಾರವಾಡದ ಓಣಿ ಓಣಿಯಲ್ಲಿ ನಡೆಯುವ ವ್ಯವಹಾರ ಇದು. 1982ರ ಚಿಟ್ ಫಂಡ್ಸ್ ಕಾಯ್ದೆಯ ಪ್ರಕಾರ ನೋಂದಾಯಿಸಿದ ಚೀಟಿಗಿರುವ ರಕ್ಷಣೆ ಇದಕ್ಕಿಲ್ಲ. ಇರುವುದು ದಿನಾ ಮುಖ ನೋಡುವ ಹಂಗು ಮಾತ್ರ. ಹಾಗಾಗಿ ಓಣಿಯಾಚೆಯವರು ಸೇರಿದ ಭಿಶಿಗೆ ಈ ಅಂಕಣಗಾರ್ತಿ ಕೈ ಹಾಕುವುದಿಲ್ಲ.

25,000 ಕೈಗೆ ಬಂದಾಗ ಎಲ್ಲರೂ ಮಾಡುವುದು ಒಂದೇ: 25,000ಕ್ಕೆ ಸಿಗುವ ಅತಿ ದೊಡ್ಡ ಬಾಡಿ ಹುಡುಕುವುದು. ಈಕೆಯ ಹಟ ಬೇರೆ. ಬಾಡಿಗೆ ಅರ್ಧಕ್ಕಿಂತ ಹೆಚ್ಚು ಕೊಡಬಾರದು, ಲೆನ್ಸಿಗೆ ಮೂರರಲ್ಲೊಂದು ಪಾಲು ಎತ್ತಿಡಬೇಕು, ಬ್ಯಾಟರಿ, ಕಾರ್ಡಿನಂಥ ಚಿಲ್ಲರೆ ಬಿಟ್ಟು ಉಳಿದದ್ದನ್ನು ಮುಟ್ಟಬಾರದು. ಕಾರಣ ಸರಳ. ಬಾಡಿಯ ಬೆಲೆ ಪ್ರತಿ ಹೊಸ ಮಾದರಿಗೂ ಇಳಿಯುತ್ತದೆ, ಒಳ್ಳೆಯ ಲೆನ್ಸಿನದು ನಿಧಾನ. ಹಳೇ ವಸ್ತುವಿನ ನಿಜವಾದ ಬೆಲೆ ಎಂದರೆ ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ. 40,000ದ ಹೊಸ ಕಿಟ್ಟು ಮೂರು ವರ್ಷಕ್ಕೆ 18,000ಕ್ಕೆ ಹೋಯಿತು ಎಂದುಕೊಂಡರೆ ತಿಂಗಳಿಗೆ 611 ರೂಪಾಯಿ ಕರಗಿದಂತೆ. 12,000ದ ಹಳೆಯದು ಅಷ್ಟೇ ಕಾಲದ ಬಳಿಕ 7,000ಕ್ಕೆ ಹೋದರೆ ತಿಂಗಳಿಗೆ 139. ದೊಡ್ಡ ಇಳಿತವನ್ನು ಮೊದಲ ಮಾಲೀಕರು ಆಗಲೇ ಹೊತ್ತಿದ್ದಾರೆ, ಪುಣ್ಯಾತ್ಮರು.

ಲೆನ್ಸಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕಿಟ್ಟಿನ ಜೊತೆ ಬರುವ 18-55 ಲೆನ್ಸು 35 ಎಂಎಂಗೆ ತಿರುಗಿಸಿದಾಗ ಎಫ್/4.5ರವರೆಗಷ್ಟೇ ಬಾಯಿ ತೆರೆಯುತ್ತದೆ. ನಿಕಾನಿನ 35 ಎಂಎಂ ಎಫ್/1.8ಜಿ ಅದರ ಆರು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್‌ಒ 3200ಕ್ಕೆ ಏರಿಸಬೇಕಾದ ಮಬ್ಬು ಮಂಟಪದಲ್ಲಿ ಇದಕ್ಕೆ 500 ಸಾಕು. ಐದು ಸಾವಿರ ಹೆಚ್ಚು ಕೊಟ್ಟು ಮುಂದಿನ ಬಾಡಿ ಕೊಂಡರೂ ಇಷ್ಟು ವ್ಯತ್ಯಾಸ ಸಿಗುವುದಿಲ್ಲ.

ಅಗ್ಗದ ಲೆನ್ಸು ಕಂಡಾಗ ಮಾತ್ರ ಹುಷಾರಾಗಿರಬೇಕು. ನಿಕಾನಿನ 3000 ಮತ್ತು 5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರಿಲ್ಲ. ಹಳೇ ‘50 ಎಂಎಂ 1.8ಡಿ’ ಲೆನ್ಸು ಅವಕ್ಕೆ ಕೂಡುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಉಲ್ಟಾ ಕಥೆಯೂ ಇದೆ: ಈಚಿನ ‘ಎಎಫ್-ಪಿ’ ಲೆನ್ಸುಗಳು ಡಿ3100, ಡಿ3200, ಡಿ5100, ಡಿ90, ಡಿ7000 ಮೇಲೆ ಫೋಕಸ್ ಮಾಡುವುದಿಲ್ಲ. ಎರಡೂ ಅಗ್ಗವಾಗಿ ಸಿಗುತ್ತವೆ, ಮಾರುವವರು ‘ಕೂಡತೈತ್ರಿ’ ಎನ್ನುವುದೂ ಸುಳ್ಳಲ್ಲ.

ಬಾಡಿ ಸಿಕ್ಕದ್ದು ಕೇಶ್ವಾಪುರದ ಕಡೆಯ ಒಬ್ಬ ಹುಡುಗನ ಹತ್ತಿರ. ಮುಂಬೈ, ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದರೆ ಇನ್ನೂ ಒಂದು ಸಾವಿರ ಕಡಿಮೆ ಬೀಳುತ್ತಿತ್ತೇನೋ. ಚಿಗರಿ ಬಸ್ಸಿನ ಟಿಕೆಟ್ಟಿಗೆ ಹೋಗಿ ಕಣ್ಣಾರೆ ನೋಡಿ ಬರುವ ಅನುಕೂಲಕ್ಕೆ ಆ ಸಾವಿರ ಕೊಡಬಹುದು.

‘ಅಕ್ಕಾರ, ಇದು ಮದುವಿ ಕ್ಯಾಮೆರಾ ಅಲ್ರೀ. ಮನಿ ಮಟ್ಟಿಗೆ ಇಟಗೊಂಡಿದ್ವಿ. ಬಿಲ್ಲು, ಬಾಕ್ಸು ಎಲ್ಲಾ ಅದಾವ.’

ಮದುವೆ ಕ್ಯಾಮೆರಾ ಅಲ್ಲ ಎಂಬ ಮಾತಿಗೆ ಈ ಊರಿನ ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ಬೆಲೆ ಇದೆ. ಎರಡು ದಿನದ ಒಂದು ಮದುವೆಗೆ 2,500 ಕ್ಲಿಕ್ ಎಂದಿಟ್ಟುಕೊಳ್ಳಿ, ವರ್ಷಕ್ಕೆ 40 ಮದುವೆ. ಅಲ್ಲಿಗೆ 1 ಲಕ್ಷ. ಡಿ3000 ಸಾಲಿನ ಶಟರನ್ನು ನಿಕಾನ್ ಪರೀಕ್ಷಿಸಿದ್ದೇ 1 ಲಕ್ಷ ಕ್ಲಿಕ್ಕಿಗೆ. ಆಮೇಲೆಯೂ ನಡೆಯಬಹುದು, ಮರುದಿನವೇ ನಿಲ್ಲಲೂಬಹುದು. ನಿಕಾನಿನಲ್ಲಿ ಆ ಲೆಕ್ಕ ಪ್ರತಿ ಫೋಟೊದ ಕಡತದೊಳಗೇ ಬರೆದಿರುತ್ತದೆ. ಸ್ಥಳದಲ್ಲೇ ಒಂದು ಫೋಟೊ ತೆಗೆದು, ತಿದ್ದದ ಮೂಲ ಪ್ರತಿಯನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೋಟೊದಲ್ಲಿ ಈ ಮಾಹಿತಿ ಅಳಿಸಿಹೋಗುತ್ತದೆ. ಕ್ಯಾನನ್ನಿನ ಸಣ್ಣ ಮಾದರಿಗಳು ಇದನ್ನು ಫೋಟೊದಲ್ಲಿ ಬರೆಯುವುದೇ ಇಲ್ಲ, ಕೇಬಲ್ ಹಾಕಿ ತಂತ್ರಾಂಶದಿಂದ ಕೇಳಬೇಕು. ಹುಡುಗನ ಕ್ಯಾಮೆರಾದಲ್ಲಿ 21,000 ಚಿಲ್ಲರೆ ಬಂತು.

ಆ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ತಾಸುಗಟ್ಟಲೆ ವಿಡಿಯೊ ತೆಗೆದರೂ ಅದರಲ್ಲಿ ಏರುವುದು ಒಂದೆರಡು ಕ್ಲಿಕ್. ಈಕೆಯ ಕಣ್ಣು ಮೊದಲು ಹೋದದ್ದು ಫ್ಲ್ಯಾಶ್ ಕೂರಿಸುವ ಹಾಟ್ ಶೂಗೆ. ದಿನಾ ಫ್ಲ್ಯಾಶ್ ಏರಿಸಿ ಇಳಿಸಿದ ಕ್ಯಾಮೆರಾದಲ್ಲಿ ಅಲ್ಲಿಯ ಕಪ್ಪು ಬಣ್ಣ ಸವೆದು ಲೋಹ ಹೊಳೆಯುತ್ತದೆ, ಅದನ್ನು ಯಾವ ತಂತ್ರಾಂಶವೂ ಮುಚ್ಚಲಾರದು. ಇಲ್ಲಿ ಬಣ್ಣ ಹಾಗೇ ಇತ್ತು. ಬಲಗೈ ಹಿಡಿತದ ರಬ್ಬರು ಎದ್ದಿರಲಿಲ್ಲ, ಬ್ಯಾಟರಿ ಉಬ್ಬಿರಲಿಲ್ಲ. ಅಪರ್ಚರನ್ನು ಎಫ್/16ಕ್ಕೆ ಇಳಿಸಿ ಆಕಾಶದ ಫೋಟೊ ತೆಗೆದಾಗ ಸೆನ್ಸರಿನ ಮೇಲಿನ ದೂಳು ಎರಡು ಮೂರು ಬೂದು ಚುಕ್ಕೆಯಾಗಿ ಕಂಡಿತು. ಅದು ತೊಳೆದರೆ ಹೋಗುವ ದೂಳು, ಚೌಕಾಶಿಗೆ ಅನುಕೂಲ. ಮುಚ್ಚಳ ಹಾಕಿ ತೆಗೆದ ಕಪ್ಪು ಫೋಟೊದಲ್ಲಿ ಕೆಂಪು, ಬಿಳಿ ಚುಕ್ಕೆ ಇರಲಿಲ್ಲ.

ಧಾರವಾಡದ ಮಳೆಗಾಲ ಕಂಡವರು ಲೆನ್ಸನ್ನು ಇನ್ನೂ ಗಟ್ಟಿಯಾಗಿ ನೋಡಬೇಕು. ಅಲಮಾರಿಯಲ್ಲಿಟ್ಟ ಚಪ್ಪಲಿಗೇ ಬೂಸ್ಟು ಹಿಡಿಯುವ ಊರಿನಲ್ಲಿ ಬ್ಯಾಗಿನೊಳಗೆ ಮಲಗಿದ ಲೆನ್ಸು ಬಿಟ್ಟೀತೇ? ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚು ಬಿಟ್ಟು, ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ದೂಳಿಗೆ ರಿಯಾಯಿತಿ ಕೇಳಬಹುದು. ಫಂಗಸ್ಸಿಗೆ ಕೇಳಬಾರದು, ಎದ್ದು ಬರಬೇಕು.

ಹುಡುಗ ಹೇಳಿದ್ದು 14,000, ಒಪ್ಪಿದ್ದು 12,000, ಬ್ಯಾಗು ಪುಕ್ಕಟೆ. ಅದಕ್ಕೂ ಮೊದಲು ಅಂಗಡಿಯೊಂದರಲ್ಲಿ ಇಂಥದೇ ಬಾಡಿ 13,000ಕ್ಕಿತ್ತು. ಬಿಲ್ ಕೇಳಿದ್ದಕ್ಕೆ ‘ಬಿಲ್ ಬೇಕಂದ್ರ ಪೂರಾ ರೊಕ್ಕದ ಮ್ಯಾಲೆ ಹದಿನೆಂಟ್ ಪರ್ಸೆಂಟ್ ಆಕ್ಕೈತ್ರಿ’ ಎಂಬ ಉತ್ತರ ಬಂತು. ಗಿರಾಕಿಗಳು ತಿಳಿದಿರಬೇಕಾದ ವಿಷಯ ಇದು. ಹಳೇ ಸಾಮಾನಿನ ವ್ಯಾಪಾರಿ ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮಾ ಪಡೆಯದಿದ್ದರೆ ಜಿಎಸ್‌ಟಿ ನಿಯಮ 32(5)ರ ಪ್ರಕಾರ ತೆರಿಗೆ ಬೀಳುವುದು ಅವರ ಲಾಭಾಂಶದ ಮೇಲೆ ಮಾತ್ರ. 10,000ಕ್ಕೆ ಕೊಂಡದ್ದನ್ನು 13,000ಕ್ಕೆ ಮಾರಿದರೆ 3,000ದ ಮೇಲೆ ಶೇ 18, ಅಂದರೆ 540 ರೂಪಾಯಿ. ಪೂರ್ತಿ ಬೆಲೆಯ ಮೇಲೆ ಹಾಕಿದರೆ 2,340. ಇನ್ನು ತಮ್ಮದೇ ಕ್ಯಾಮೆರಾ ಮಾರುವ ಮನೆಮಂದಿಗೆ ಜಿಎಸ್‌ಟಿಯ ಮಾತೇ ಇಲ್ಲ.

ಬಿಲ್ಲಿನ ಹಟ ತೆರಿಗೆಗಾಗಿ ಅಲ್ಲ. ಕಳುವಾದ ಮೊಬೈಲನ್ನು ಐಎಂಇಐ ಹಾಕಿ ಹುಡುಕಲು ಸರ್ಕಾರದ ಸಿಇಐಆರ್ ವ್ಯವಸ್ಥೆ ಇದೆ, ಕ್ಯಾಮೆರಾಗೆ ಅಂಥದ್ದಿಲ್ಲ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಶಿಕ್ಷೆಯಿದೆ. ಮೂಲ ಬಿಲ್ಲಿನಲ್ಲಿರುವ ಸೀರಿಯಲ್ ನಂಬರೂ ಬಾಡಿಯ ಅಡಿಯಲ್ಲಿರುವ ನಂಬರೂ ಒಂದೇ ಆಗಿರಬೇಕು. ಒಂದು ಬಿಳಿ ಹಾಳೆಯಲ್ಲಿ ಆ ನಂಬರು, ಬೆಲೆ, ತಾರೀಖು, ಇಬ್ಬರ ಸಹಿ. ಹುಡುಗ ಮೊದಲು ನಕ್ಕ, ಆಮೇಲೆ ತನಗೂ ಒಂದು ಪ್ರತಿ ಬೇಕೆಂದ.

ಸಾಮಾನು ಕೈಗೆ ಬರುವ ಮುನ್ನ ಒಂದು ರೂಪಾಯಿಯೂ ಹೋಗಬಾರದು. ಫೋಟೊ ತೋರಿಸಿ, ತಾನು ಮಿಲಿಟರಿಯವನು, ವರ್ಗವಾಗಿದೆ, ಅದಕ್ಕೇ ಅಗ್ಗಕ್ಕೆ ಕೊಡುತ್ತಿದ್ದೇನೆ, ಕೊರಿಯರಿಗೆ ಮುಂಗಡ ಹಾಕಿ ಎನ್ನುವ ಹಳೇ ನಾಟಕ ಇನ್ನೂ ನಡೆಯುತ್ತಿದೆ. ಮಾರುವವರಿಗೂ ಬಲೆ ಇದೆ: ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಿಲ್ಲ, ಒತ್ತಿದರೆ ದುಡ್ಡು ಹೋಗುತ್ತದೆ. ಬಲೆಗೆ ಬಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸಾಧನಕೇರಿಯ ಗೆಳತಿಯೊಬ್ಬಳ ಲೆಕ್ಕ ಪೂರಾ ಬೇರೆ, ಅವಳಿಗೆ ಹಕ್ಕಿಗಳ ಹುಚ್ಚು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ, 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ್ದು, ಅವಳ ತವರು. 35 ಎಂಎಂ ಲೆನ್ಸಿನಲ್ಲಿ ಅಲ್ಲಿಯ ಬಾತು ಕಾಳಿನಷ್ಟು ಕಾಣುತ್ತದೆ. ಅವಳು ಕೊಂಡದ್ದು 2013ರ ಕ್ಯಾನನ್ 700ಡಿ, ಜೊತೆಗೆ 55-250 ಎಸ್‌ಟಿಎಂ. ಕ್ಯಾನನ್ನಿನ ಸಣ್ಣ ಸೆನ್ಸರಿನ 1.6ರ ಗುಣಕದಿಂದ ಅದು 400 ಎಂಎಂನಷ್ಟು ಹತ್ತಿರ ತರುತ್ತದೆ. ಅದಕ್ಕಿಂತ ಹೊಸದಾದ 1300ಡಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರಲ್ಲಿ ಸೆನ್ಸರ್ ತಾನಾಗಿ ದೂಳು ಕೊಡವಿಕೊಳ್ಳುವ ಏರ್ಪಾಡಿಲ್ಲ, 700ಡಿಯಲ್ಲಿದೆ. ಬೇಸಿಗೆಯ ಕೆರೆದಂಡೆಯಲ್ಲಿ ಲೆನ್ಸು ಬದಲಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಅಂಕಣ ಬರೆಯುವಾಕೆಯ ಖಾತೆ ಹೀಗಿದೆ. ಬಾಡಿ, ಕಿಟ್ ಲೆನ್ಸು 12,000. ಹಳೇ 35 ಎಂಎಂ 8,000. ಎರಡನೇ ಬ್ಯಾಟರಿ 1,000, 64 ಜಿಬಿ ಕಾರ್ಡು 700, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೂ ಸಿಲಿಕಾ ಜೆಲ್ಲೂ 400. ಒಟ್ಟು 22,100. ಉಳಿದ 2,900 ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿದೆ. ಶಟರ್ ಹೋದರೆ ಅದರ ರಿಪೇರಿ ಬಾಡಿಯ ಬೆಲೆಯ ಅರ್ಧದಷ್ಟಾದರೂ ತಿಂದೀತು. ಅಂಥ ದಿನ ಬಂದರೆ ರಿಪೇರಿಗೆ ಹೋಗದೆ ಬಾಡಿಯನ್ನು ಬಿಡಿಭಾಗಕ್ಕೆ ಮಾರಿ, ಆ ದುಡ್ಡಿಗೆ ಈ 2,900 ಸೇರಿಸಿ, ಇನ್ನೊಂದು ಆಷಾಢಕ್ಕೆ ಕಾದು ಅದೇ ಮಾದರಿಯ ಬರೀ ಬಾಡಿ ಹುಡುಕುವುದೆಂದು ತೀರ್ಮಾನವಾಗಿದೆ. ಲೆನ್ಸು, ಕಾರ್ಡು, ಎರಡೂ ಬ್ಯಾಟರಿ ಅದಕ್ಕೂ ಆಗುತ್ತವೆ.